ಲಾಡ್ಜ್‌ನ ‘ಮಾಸ್ಟರ್’ಗೆ ಕನ್ನಡದಲ್ಲಿ ಏನನ್ನೋಣ: ಮೇಷ್ಟ್ರೋ, ಮೇಸ್ತ್ರಿಯೋ, ಯಜಮಾನರೋ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಫ್ರೀಮೇಸನ್ ಲಾಡ್ಜ್‌ಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ರೀಮೇಸನ್ನರದು ಒಂದು ಸೋದರ ಸಂಘ, ಅದರ ಒಂದೊಂದು ಶಾಖೆಗೂ ಲಾಡ್ಜ್ ಅನ್ನುತ್ತಾರೆ. ‘ಮೇಸನ್’ ಅಂದರೆ ಕಲ್ಲುಕೆಲಸದವನು. ಅದರ ವಾದ ಇಷ್ಟೇ: ಲಾಡ್ಜ್‌ನ ಮುಖ್ಯಸ್ಥನಿಗೆ ಕಲಾಪದ (ರಿಚುವಲ್‌ನ) ಮಾತುಗಳೆಲ್ಲ ಬಾಯಿಗೆ ಬಂದರೆ ಸಾಕೋ, ಜನರನ್ನು ಕಟ್ಟಿಕೊಂಡು ಹೋಗುವುದೂ ಗೊತ್ತಿರಬೇಕೋ? ಆ ಮುಖ್ಯಸ್ಥನಿಗೆ ಅಲ್ಲಿ ‘ವರ್ಷಿಪ್‌ಫುಲ್ ಮಾಸ್ಟರ್’ ಅನ್ನುತ್ತಾರೆ. ನಾನು ಸಿಕ್ಕಿಹಾಕಿಕೊಂಡಿರುವುದು ಈ ಎರಡು ಪದಗಳಲ್ಲೇ.

‘ಲಾಡ್ಜ್’ ಅನ್ನೋದನ್ನು ಮೊದಲು ಮುಗಿಸಿಬಿಡುತ್ತೇನೆ. ನಮಗೆ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಎದುರು ರೂಮ್ ಬಾಡಿಗೆಗೆ ಸಿಗುವ ಜಾಗ. ‘ಲಾಡ್ಜ್‌ನ ಯಜಮಾನರು’ ಅಂತ ಬರೆದರೆ ಓದುವವರಿಗೆ ಬೀಗದ ಕೈ, ಅಡ್ವಾನ್ಸ್ ನೆನಪಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದ ಜನ ಈ ಕಟ್ಟಡಗಳಿಗೆ ‘ಜಾದೂಘರ್’ ಅನ್ನುತ್ತಿದ್ದರು. ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೋ ಯಾರಿಗೆ ಗೊತ್ತು, ಅಲ್ವಾ? ಹೆಸರು ಚೆನ್ನಾಗಿದೆ, ನನ್ನ ಲೇಖನಕ್ಕೆ ಒಗ್ಗುವುದಿಲ್ಲ. ‘ಮೇಸನ್ ಲಾಡ್ಜ್’ ಅಂತಲೇ ಇಟ್ಟುಕೊಂಡಿದ್ದೇನೆ.

‘ವರ್ಷಿಪ್‌ಫುಲ್’ ಕಂಡ ತಕ್ಷಣ ‘ಪೂಜ್ಯ’ ಅಂತ ಕೈ ಓಡುತ್ತದೆ. ಅದು ತಪ್ಪು ದಾರಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಗೌರವಕ್ಕೆ ತಕ್ಕವರು ಅನ್ನುವಷ್ಟೇ ಅರ್ಥ. ಲಂಡನ್ನಿನ ಹಳೆಯ ಕಸುಬುದಾರರ ಸಂಘಗಳ ಹೆಸರಿನಲ್ಲೂ ಅದು ಇದೆ. ಕಲ್ಲುಕೆಲಸದವರ ಸಂಘಕ್ಕೂ ಇದೆ, ಮೀನು ಮಾರುವವರ ಸಂಘಕ್ಕೂ ಇದೆ. ‘ಪೂಜ್ಯ ಮೀನು ಮಾರಾಟಗಾರರು’ ಅಂತ ಯಾರೂ ಬರೆಯಲಾರರು. ‘ಮಾನ್ಯ’ ಸಾಕು.

ನಿಜವಾದ ತೊಡಕು ‘ಮಾಸ್ಟರ್’ನಲ್ಲಿದೆ. ಲ್ಯಾಟಿನ್ನಿನ ‘ಮಜಿಸ್ಟರ್’ ಇಂಗ್ಲಿಷಿನಲ್ಲಿ ‘ಮಾಸ್ಟರ್’ ಆಯಿತು, ನಮ್ಮ ಶಾಲೆಗೆ ಬಂದು ಮೇಷ್ಟ್ರಾಯಿತು. ಅದೇ ಪದ ಪೋರ್ಚುಗೀಸಿನಲ್ಲಿ ‘ಮೆಸ್ತ್ರೆ’ ಆಗಿ, ಅಲ್ಲಿಂದ ನಮ್ಮ ಕಟ್ಟಡದ ಕೆಲಸಕ್ಕೆ ಬಂದು ಮೇಸ್ತ್ರಿ ಆಯಿತು. ಒಂದೇ ಮನೆಯ ಇಬ್ಬರು ಕನ್ನಡಕ್ಕೆ ಬಂದ ಮೇಲೆ ಪಾಲಾದರು. ಪಾಠ ಮೇಷ್ಟ್ರಿಗೆ, ಆಳುಗಳ ಕೈಯಲ್ಲಿ ಕೆಲಸ ಮಾಡಿಸುವುದು ಮೇಸ್ತ್ರಿಗೆ. ನನ್ನ ಲೇಖನದ ಜಗಳವೂ ಇದೇ! ಇಂಗ್ಲಿಷಿನವರು ‘ಮಾಸ್ಟರ್’ ಅಂದು ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಡುತ್ತಾರೆ. ಕನ್ನಡದಲ್ಲಿ ಆ ಚೀಲ ಬಿಚ್ಚಲೇಬೇಕು.

ಇಂಗ್ಲಿಷ್ ಲಾಡ್ಜ್‌ಗಳಲ್ಲಿ ಸಭೆ ಶುರುವಾಗುವಾಗ ಮಾಸ್ಟರ್ ಪೂರ್ವ ದಿಕ್ಕಿನಲ್ಲಿ ಯಾಕೆ ಕೂತಿದ್ದಾನೆ ಅಂತ ಹೇಳುವ ಮಾತೊಂದಿದೆ. ಲಾಡ್ಜ್ ತೆರೆಯಲು, ಸೋದರರನ್ನು ಕೆಲಸಕ್ಕೆ ಹಚ್ಚಲು, ಅವರಿಗೆ ಕಲಿಸಲು. ಕೆಲಸಕ್ಕೆ ಹಚ್ಚುವವನು ಮೇಸ್ತ್ರಿ, ಕಲಿಸುವವನು ಮೇಷ್ಟ್ರು. ಒಂದೇ ಕುರ್ಚಿ, ಇಬ್ಬರ ಕೆಲಸ.

ನಡೆಯುವುದು ಮಾತ್ರ ಬೇರೆ. ಆ ಕುರ್ಚಿಗೆ ಏಣಿ ಹತ್ತಿ ಬರಬೇಕು. ಕೆಳಗಿನಿಂದ ಮೇಲಕ್ಕೆ ಹುದ್ದೆಗಳು ಹೀಗೆ: ಒಳಬಾಗಿಲು ಕಾಯುವವನು, ಇಬ್ಬರು ಡೀಕನ್‌ಗಳು, ಇಬ್ಬರು ವಾರ್ಡನ್‌ಗಳು, ಆಮೇಲೆ ಮಾಸ್ಟರ್. ಸಾಮಾನ್ಯವಾಗಿ ವರ್ಷಕ್ಕೊಂದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಉರು ಹೊಡೆಯಬೇಕಾದ ಮಾತುಗಳು ಬೇರೆ. ಪುಸ್ತಕ ನೋಡದೆ ಹೇಳುವುದೇ ಮರ್ಯಾದೆ. ಹಿಂದಿನ ವರ್ಷದ ಮಾಸ್ಟರ್ ಎಡಗಡೆ ಕೂತಿರುತ್ತಾನೆ, ಮಾತು ತಪ್ಪಿದರೆ ಮೆಲ್ಲಗೆ ಎತ್ತಿಕೊಡುತ್ತಾನೆ. ಲಂಡನ್ನಿನಲ್ಲಿ 1823ರಲ್ಲಿ ಶುರುವಾದ ಎಮ್ಯುಲೇಶನ್ ಲಾಡ್ಜ್ ಆಫ್ ಇಂಪ್ರೂವ್‌ಮೆಂಟ್ ಅಂತ ಒಂದಿದೆ, ಕಲಾಪದ ಅಭ್ಯಾಸಕ್ಕೆಂದೇ ಇರುವುದು. ಅಲ್ಲಿ ಇಡೀ ಕಲಾಪವನ್ನು ಒಂದು ಸಲವೂ ತಿದ್ದಿಸಿಕೊಳ್ಳದೆ ನಡೆಸಿದವರಿಗೆ ಬೆಳ್ಳಿಯ ಬೆಂಕಿಪೊಟ್ಟಣದ ಡಬ್ಬಿ ಕೊಡುತ್ತಾರೆ. ಇಬ್ಬರು ಮುನಿಸಿಕೊಂಡ ಸದಸ್ಯರನ್ನು ಒಂದೇ ಊಟದ ಮೇಜಿಗೆ ತಂದು ಕೂರಿಸಿದವರಿಗೆ ಅಂಥ ಡಬ್ಬಿ ಇಲ್ಲ. ಏಣಿಯ ಪ್ರತಿ ಮೆಟ್ಟಿಲಲ್ಲೂ ಪರೀಕ್ಷೆ ಆಗುವುದು ನೆನಪಿಗೆ. ಹೀಗಿರುವಾಗ ಮೇಲೆ ಹತ್ತಿದವನು ಒಳ್ಳೆಯ ಮುಂದಾಳೂ ಆಗಿದ್ದರೆ ಅದು ಪುಣ್ಯ.

1723ರಲ್ಲಿ ಜೇಮ್ಸ್ ಆಂಡರ್ಸನ್ ಅನ್ನುವವರು ಫ್ರೀಮೇಸನ್ನರಿಗಾಗಿ ಸಿದ್ಧಪಡಿಸಿದ ನಿಯಮಗಳಲ್ಲಿ ಮಾಸ್ಟರನ್ನು ಹಿರಿತನ ನೋಡಿ ಆರಿಸುವುದಿಲ್ಲ, ಯೋಗ್ಯತೆ ನೋಡಿ ಆರಿಸುತ್ತಾರೆ ಅಂತ ಸ್ಪಷ್ಟವಾಗಿಯೇ ಇದೆ. ಯಾವ ಯೋಗ್ಯತೆ ಅನ್ನುವುದರ ಮೇಲೆ ಇನ್ನೂ ಮಾತು ನಡೆದೇ ಇದೆ.

ನನ್ನ ಮನಸ್ಸು ಈಗ ‘ಯಜಮಾನ’ದ ಕಡೆ ವಾಲಿದೆ. ಕಾರಣ ಕೇಳಿ. ಯಜ್ಞದಲ್ಲಿ ಯಜಮಾನ ಅಂದರೆ ಮಂತ್ರ ಬಲ್ಲವನಲ್ಲ, ಯಜ್ಞ ಮಾಡಿಸುವವನು. ಮಂತ್ರ ಹೇಳಲು ಋತ್ವಿಜರಿದ್ದಾರೆ. ಅವರಲ್ಲೂ ‘ಬ್ರಹ್ಮ’ ಅನ್ನುವವನು ಹೆಚ್ಚಾಗಿ ಸುಮ್ನೆ ಕೂತು ಎಲ್ಲಿ ತಪ್ಪಾಯಿತು ಅಂತ ನೋಡುತ್ತಾನೆ, ಥೇಟ್ ಆ ಹಳೆಯ ಮಾಸ್ಟರ್‌ನ ಹಾಗೆ. ಯಕ್ಷಗಾನದಲ್ಲೂ ಹೀಗೇ. ಆಟ ಒಪ್ಪಿಕೊಳ್ಳುವುದು, ಕಲಾವಿದರ ಸಂಬಳ, ಜಗಳ ಎಲ್ಲ ಮೇಳದ ಯಜಮಾನರ ತಲೆಗೆ. ರಂಗದ ಮೇಲೆ ಆಟ ನಡೆಸುವವರು ಭಾಗವತರು. ಯಜಮಾನರಿಗೆ ಒಂದು ಪದ ಹಾಡಲು ಬರದಿದ್ದರೂ ಮೇಳ ನಡೆಯುತ್ತದೆ. ಅಂದರೆ ಹೊಣೆ ಒಬ್ಬರದು, ಕಂಠ ಇನ್ನೊಬ್ಬರದು ಅಂತ ನಮ್ಮವರು ಮೊದಲೇ ಬೇರೆ ಮಾಡಿಟ್ಟಿದ್ದಾರೆ.

ಆದರೆ ಲಾಡ್ಜ್‌ನಲ್ಲಿ ಕಂಠವೂ ಯಜಮಾನನದೇ ಆಗಿರಬೇಕು ಅಂತ ಬಯಸುತ್ತಾರೆ. ‘ಯಜಮಾನರು’ ಅಂದರೆ ಆ ಅರ್ಧ ಕಳೆದುಹೋಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಈಗಿನ ಬರಹಗಳಲ್ಲಿ ‘ಯಜಮಾನಿಕೆ’ ಅಂದರೆ ದಬ್ಬಾಳಿಕೆಯ ವಾಸನೆ. ಹಾಗಾಗಿ ನಾಯಕತ್ವದ ಗುಣ ಬಂದಲ್ಲಿ ‘ಮುಂದಾಳ್ತನ’ ಅಂತ ಬಳಸುತ್ತಿದ್ದೇನೆ.

‘ರೂವಾರಿ’ಯನ್ನೂ ಯೋಚಿಸಿದೆ. ಹೊಯ್ಸಳರ ಕಾಲದಲ್ಲಿ ಕಲ್ಲು ಕೆತ್ತುವ ಶಿಲ್ಪಿ, ಈಗ ಪತ್ರಿಕೆಗಳಲ್ಲಿ ‘ಯೋಜನೆಯ ರೂವಾರಿ’. ಕಲ್ಲುಕೆಲಸದ ನಂಟು ಇರುವುದರಿಂದ ಆಸೆಯಾಯಿತು. ಆದರೆ ವರ್ಷಕ್ಕೊಬ್ಬರು ಬದಲಾಗುವ ಹುದ್ದೆಗೆ ಅದು ಭಾರ ಜಾಸ್ತಿ.

‘ರಿಚುವಲ್’ಗೆ ‘ಕಲಾಪ’ ಹಾಕಿದ್ದೇನೆ. ಪೂಜೆ, ಮಂತ್ರ, ಕರ್ಮ ಎಲ್ಲಕ್ಕೂ ಧರ್ಮದ ಬಣ್ಣ ಇದೆ, ಮೇಸನ್ನರು ತಮ್ಮದು ಧರ್ಮವಲ್ಲ ಅನ್ನುತ್ತಾರೆ. ವಿಧಾನಸಭೆಯ ಕಲಾಪ ಕೇಳಿ ಕೇಳಿ ಆ ಪದಕ್ಕೆ ಆ ಬಣ್ಣ ಹೋಗಿದೆ. ‘ರಿಚುವಲಿಸ್ಟ್’ಗೆ ‘ಕರ್ಮಠ’ ಬೇಡ, ಅದು ಬೈಗುಳ. ಲೇಖನದಲ್ಲಿ ಅದು ಹೊಗಳಿಕೆ. ‘ಕಲಾಪ ಬಲ್ಲವರು’ ಅಂತ ಬರೆದಿದ್ದೇನೆ. ಬರೀ ಒಪ್ಪಿಸುವವರ ಬಗ್ಗೆ ಒಂದು ಚುಚ್ಚುಮಾತಿದೆ, ಅಲ್ಲಿ ‘ಮಂತ್ರಕ್ಕಿಂತ ಉಗುಳೇ ಜಾಸ್ತಿ’ ಅನ್ನೋ ಆಸೆ ತಡೆದುಕೊಂಡೆ. ‘ಗಿಳಿಪಾಠ’ ಆಗಬಹುದೇ?

ಇನ್ನೊಂದು ಗಂಟು. ಹುದ್ದೆಗಳ ಏಣಿ ಬೇರೆ, ಸದಸ್ಯರ ದರ್ಜೆಗಳು ಬೇರೆ. ಮೂರನೆಯ ದರ್ಜೆ ಪಡೆದ ಪ್ರತಿ ಸದಸ್ಯನೂ ‘ಮಾಸ್ಟರ್ ಮೇಸನ್’. ಅವರೆಲ್ಲ ಮುಖ್ಯಸ್ಥರಲ್ಲ. ಸದ್ಯಕ್ಕೆ ಅವರಿಗೆ ‘ಮೇಸ್ತ್ರಿ’, ಮುಖ್ಯಸ್ಥರಿಗೆ ‘ಮಾನ್ಯ ಯಜಮಾನರು’ ಅಂತ ಗುರುತು ಹಾಕಿಕೊಂಡಿದ್ದೇನೆ. ಕೊಡಗು, ಚಿಕ್ಕಮಗಳೂರಿನ ತೋಟಗಳ ಕಡೆಯವರು ಹೇಳಬೇಕು: ನಿಮ್ಮ ಕಿವಿಗೆ ‘ಮೇಸ್ತ್ರಿ’ ಆಳುಗಳನ್ನು ಕರೆತರುವವನ ಹಾಗೆ ಕೇಳಿಸುತ್ತದೆಯೇ, ಕಸುಬು ಬಲ್ಲವನ ಹಾಗೆಯೇ? ಭಾರತದ್ದೇ ಗ್ರ್ಯಾಂಡ್ ಲಾಡ್ಜ್ (ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆ) 1961ರಿಂದ ಇದೆ, ಬೆಂಗಳೂರಿನಲ್ಲೂ ಲಾಡ್ಜ್‌ಗಳಿವೆ. ಅಲ್ಲಿನ ಕನ್ನಡ ಸದಸ್ಯರು ಮನೆಯಲ್ಲಿ ಮಾತಾಡುವಾಗ ಈ ಹುದ್ದೆಗೆ ಏನನ್ನುತ್ತಾರೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗುಟ್ಟೇನೂ ಹೇಳಬೇಕಾಗಿಲ್ಲ, ಪದ ಹೇಳಿದರೆ ಸಾಕು.