ಅಪ್ಪನ ಕಾಲಿನ ಉಗುರು ಹಳದಿಯಾಗಿದೆ, ಮಾತ್ರೆ ಶುರು ಮಾಡಬಹುದೇ?

ಪ್ರಶ್ನೆ (ಸದಸ್ಯ, ಮಂಡ್ಯ ತಾಲ್ಲೂಕು):
ನಮಸ್ಕಾರ ಡಾಕ್ಟರ್. ಅಪ್ಪನಿಗೆ 61 ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನಾಲೆಗೆ ನೀರು ಬಿಟ್ಟರೆಂದರೆ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲೇ ಇರುತ್ತಾರೆ. ಎರಡು ವರ್ಷದಿಂದ ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಾಗಿದೆ, ಅಡಿಯಿಂದ ಹಿಟ್ಟಿನಂತೆ ಉದುರುತ್ತದೆ. ಈಗ ಪಕ್ಕದ ಎರಡು ಬೆರಳಿಗೂ ಹಬ್ಬಿದೆ. ಗೋರಂಟಿ ಮೆತ್ತಿದ್ದಾಯಿತು, ಮುಲಾಮು ಎರಡು ಟ್ಯೂಬ್ ಮುಗಿಯಿತು. ನೋವಿಲ್ಲ ಎನ್ನುತ್ತಾರೆ. ಹೋದ ವಾರ ಬ್ಲೇಡಿನಿಂದ ಕೆತ್ತಿಕೊಳ್ಳುವಾಗ ರಕ್ತ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ, ಅವ್ವ ನೋಡಿ ಹೇಳಿದರು. ಔಷಧಿ ಅಂಗಡಿಯವರು ಫ್ಲುಕೊನಜೋಲ್ ಎಂಬ ಶಿಲೀಂಧ್ರದ (ಫಂಗಸ್) ಮಾತ್ರೆ ಕೊಟ್ಟಿದ್ದಾರೆ. ಸಕ್ಕರೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆಗಳು ಮೊದಲಿನಿಂದ ನಡೆಯುತ್ತಿವೆ. ಹೊಸ ಮಾತ್ರೆ ಶುರು ಮಾಡಬಹುದೇ?

ಉತ್ತರ (ಚರ್ಮವೈದ್ಯೆ, ಮೈಸೂರು):
ಸದ್ಯಕ್ಕೆ ಬೇಡ. ಉಗುರಿನ ಮಾತಿಗೆ ಆಮೇಲೆ ಬರುತ್ತೇನೆ. ರಕ್ತ ಬಂದದ್ದು ಗೊತ್ತಾಗಲಿಲ್ಲ ಎಂದು ಬರೆದಿದ್ದೀರಲ್ಲ, ಮೊದಲು ಅದು. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜಡವಾಗುತ್ತವೆ. ದಪ್ಪ ಉಗುರು ಒತ್ತಿ ಒತ್ತಿ ಅಡಿಯಲ್ಲಿ ಹುಣ್ಣಾದರೂ ನೋವು ತಿಳಿಯುವುದಿಲ್ಲ. ಇವತ್ತೇ ಬೆಳಕಿನಲ್ಲಿ ಕೂರಿಸಿ ಬೆರಳು ನೋಡಿ. ಕೆಂಪು, ಊತ, ಕೀವು, ವಾಸನೆ, ಕಪ್ಪು ಬಣ್ಣ ಯಾವುದೇ ಇದ್ದರೂ ನಾಳೆಗೆ ಮುಂದೂಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬ್ಲೇಡನ್ನು ಮನೆಯಿಂದ ಆಚೆ ಹಾಕಿ.

ಇನ್ನು ಆ ಮಾತ್ರೆ. ಗ್ಲಿಮೆಪಿರೈಡ್ ಯಕೃತ್ತಿನಲ್ಲಿ ಕರಗಿ ಹೋಗುವುದನ್ನು ಫ್ಲುಕೊನಜೋಲ್ ನಿಧಾನಗೊಳಿಸುತ್ತದೆ. ಹಾಗಾಗಿ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು. ಗದ್ದೆಯಲ್ಲಿ ಒಬ್ಬರೇ ಇರುವಾಗ ಬೆವತು, ಕಣ್ಣು ಕತ್ತಲೆಯಾಗಿ ಕುಸಿದರೆ ಯಾರು ನೋಡುತ್ತಾರೆ?

ಅಲ್ಲದೆ, ದಪ್ಪಗಾದ ಉಗುರೆಲ್ಲ ಶಿಲೀಂಧ್ರದ್ದೇ ಆಗಬೇಕೆಂದಿಲ್ಲ. ಹೀಗೆ ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಬೇರೆ: ಸೋರಿಯಾಸಿಸ್ ಎಂಬ ಚರ್ಮರೋಗ, ಹಳೆಯ ಪೆಟ್ಟು, ಬಿಗಿ ಚಪ್ಪಲಿ. ಉಗುರಿನ ಚೂರು ಮತ್ತು ಅಡಿಯ ಹಿಟ್ಟನ್ನು ಕೆಒಎಚ್ ಎಂಬ ಕ್ಷಾರದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದೊಡ್ಡ ಖರ್ಚಿನದಲ್ಲ. ಮಂಡ್ಯದ ಮಿಮ್ಸ್ (ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ನಮ್ಮಲ್ಲಿಯ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಚರ್ಮರೋಗ ವಿಭಾಗವಿದೆ. ಹೋದಾಗ ಪಾದದ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ ಎಂದು ನೀವೇ ಕೇಳಿ.

ಶಿಲೀಂಧ್ರವೆಂದು ಖಚಿತವಾದರೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, ಕಾಲಿನ ಉಗುರಿಗೆ 12 ವಾರ. ಗ್ಲಿಮೆಪಿರೈಡ್ ಜೊತೆ ಇದು ಫ್ಲುಕೊನಜೋಲ್‌ನಷ್ಟು ಜಗಳವಾಡುವುದಿಲ್ಲ. ಆದರೂ ಮೊದಲು ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಆಗಲೇಬೇಕು. ನಡುವೆ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ನಿಲ್ಲಿಸಿ ವೈದ್ಯರ ಬಳಿ ಓಡಿ. ಕೆಲವರಿಗೆ ನಾಲಿಗೆಯ ರುಚಿಯೇ ಹೋಗುತ್ತದೆ, ಅದನ್ನೂ ಹೇಳಬೇಕು.

ಸದಸ್ಯೆ (ಮೈಸೂರು):
ನಮ್ಮ ಅತ್ತೆಗೂ ಇದೇ ತೊಂದರೆ. ಅವರಿಗೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಔಷಧಿ ಬರೆದುಕೊಟ್ಟಿದ್ದಾರೆ. ಕೊಲೆಸ್ಟರಾಲ್ ಮಾತ್ರೆಯೂ ಇದೆ. ಬಿಸಿನೀರಿಗೆ ಉಪ್ಪು ಹಾಕಿ ದಿನಾ ಕಾಲು ನೆನೆಸುತ್ತಾರೆ, ಅದು ಒಳ್ಳೆಯದಲ್ಲವೇ?

ಉತ್ತರ:
ಎಲ್ಲ ಮಾತ್ರೆಗಳ ಚೀಟಿಯನ್ನೂ ಬರೆದುಕೊಟ್ಟ ವೈದ್ಯರಿಗೆ ಇನ್ನೊಮ್ಮೆ ತೋರಿಸಿ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್ ಜೊತೆ ಇಟ್ರಾಕೊನಜೋಲ್ ಕೊಡುವಂತಿಲ್ಲ, ಸ್ನಾಯುಗಳಿಗೆ ಹಾನಿಯಾಗುತ್ತದೆ. ಹೃದಯ ದುರ್ಬಲವಾಗಿದ್ದರಂತೂ ಅದು ಬೇಡವೇ ಬೇಡ. ಬಿಸಿನೀರಿನ ಪಾತ್ರೆಯನ್ನೂ ಎತ್ತಿಡಿ. ಜಡವಾದ ಪಾದಕ್ಕೆ ಬಿಸಿ ತಿಳಿಯದೆ ಬೊಬ್ಬೆ ಎದ್ದವರನ್ನು ನಾನು ನೋಡಿದ್ದೇನೆ. ನೆನೆದು ಮೆತ್ತಗಾದ ಚರ್ಮ ಶಿಲೀಂಧ್ರಕ್ಕೆ ಹಬ್ಬದೂಟ.

ಮೊದಲ ಸದಸ್ಯ (ಎರಡು ತಿಂಗಳ ನಂತರ):
ಡಾಕ್ಟರ್, ಹುಣ್ಣಾಗಿರಲಿಲ್ಲ. ಪರೀಕ್ಷೆಯಲ್ಲಿ ಶಿಲೀಂಧ್ರ ಎಂದೇ ಬಂತು. ಟರ್ಬಿನಾಫಿನ್ ಶುರುವಾಗಿ ಆರು ವಾರವಾಯಿತು. ಉಗುರು ಇದ್ದ ಹಾಗೇ ಇದೆ, ಸುಮ್ಮನೆ ದುಡ್ಡು ದಂಡ ಎಂದು ಅಪ್ಪ ಗೊಣಗುತ್ತಿದ್ದಾರೆ. ಗಮ್‌ಬೂಟು ತಂದುಕೊಟ್ಟೆ, ಅದನ್ನೂ ಮೂಲೆಗೆ ಎಸೆದಿದ್ದಾರೆ.

ಉತ್ತರ:
ಔಷಧಿ ಹಳೆಯ ಉಗುರನ್ನು ರಿಪೇರಿ ಮಾಡುವುದಿಲ್ಲ. ಬುಡದಿಂದ ಹೊಸದು ಬೆಳೆದು ಹಳೆಯದನ್ನು ಮುಂದಕ್ಕೆ ತಳ್ಳಬೇಕು. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು ಬೆಳೆದರೆ ಹೆಚ್ಚು. ಹೆಬ್ಬೆರಳಿನದು ಪೂರ್ತಿ ಬದಲಾಗಲು 12ರಿಂದ 18 ತಿಂಗಳು ಬೇಕು. ಪ್ರತಿ ತಿಂಗಳ ಒಂದನೇ ತಾರೀಖು ಉಗುರಿನ ಫೋಟೋ ತೆಗೆದಿಡಿ. ಬುಡದಲ್ಲಿ ತೆಳುವಾದ ಗುಲಾಬಿ ಅಂಚು ಕಂಡರೆ ಅಪ್ಪನಿಗೇ ತೋರಿಸಿ.

ಗಮ್‌ಬೂಟಿನ ವಿಷಯದಲ್ಲಿ ಅವರ ಮಾತೇ ಸರಿ ಇರಬಹುದು. ನಾಟಿ ಗದ್ದೆಯ ಕೆಸರಿನಲ್ಲಿ ಅದು ಹೂತುಕೊಳ್ಳುತ್ತದೆ. ಬದುವಿನ ಮೇಲೆ ನಡೆಯುವಾಗಲಾದರೂ ಬರಿಗಾಲು ಬೇಡ. ಮನೆಗೆ ಬಂದೊಡನೆ ಒಳ್ಳೆಯ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಸಂದಿಗೆ ಎಣ್ಣೆ ಹಚ್ಚಬಾರದು. ಅಲ್ಲಿ ಬೆಳ್ಳಗೆ ಬಿರಿದಿದ್ದರೆ ಅದಕ್ಕೂ ಔಷಧಿ ಬೇಕು, ಇಲ್ಲವಾದರೆ ಶಿಲೀಂಧ್ರ ಮತ್ತೆ ಉಗುರಿಗೆ ಹತ್ತುತ್ತದೆ.

ಮೊದಲ ಸದಸ್ಯ:
ಬೆರಳ ಸಂದಿ ನೋಡುವ ಕೆಲಸವನ್ನು ಅವ್ವ ವಹಿಸಿಕೊಂಡಿದ್ದಾರೆ. ಬ್ಲೇಡು ಸಿಕ್ಕಿಲ್ಲ, ಅಪ್ಪ ಎಲ್ಲಿಟ್ಟಿದ್ದಾರೋ ಹುಡುಕುತ್ತಿದ್ದೇವೆ.