-ಓ2 ಕೊಟ್ಟಾಗ ಮಾತ್ರ ಕೈಕೊಡುವ ಪರೀಕ್ಷೆ: ದೋಷ ಕಂಪೈಲರಿನದೇ?

ಪ್ರಶ್ನೆ

ಸಿ ಭಾಷೆಯಲ್ಲಿ ಬರೆದ ಲೆಕ್ಕದ ಪ್ರೋಗ್ರಾಮೊಂದನ್ನು ಕ್ಲ್ಯಾಂಗ್ ಎಂಬ ಕಂಪೈಲರಿನಲ್ಲಿ (ಬರೆದ ಕೋಡನ್ನು ಯಂತ್ರದ ಆದೇಶಗಳಾಗಿ ಅನುವಾದಿಸುವ ಸಾಧನ) -ಓ0 ಆಯ್ಕೆಯೊಂದಿಗೆ, ಅಂದರೆ ಆಪ್ಟಿಮೈಸ್ ಮಾಡದೆ, ಕಂಪೈಲ್ ಮಾಡಿದರೆ ಅದು ಸರಿಯಾಗಿ ನಡೆಯುತ್ತದೆ. ವೇಗಕ್ಕಾಗಿ ಕೋಡನ್ನು ಮಾರ್ಪಡಿಸುವ (ಆಪ್ಟಿಮೈಸ್ ಮಾಡುವ) -ಓ2 ಕೊಟ್ಟರೆ ವೇಗವೇನೋ ಬಹಳ ಹೆಚ್ಚುತ್ತದೆ, ಆದರೆ ಸಂಖ್ಯೆ ಮಿತಿ ಮೀರಿತೇ ಎಂದು ತಿಳಿಯಲು ನಾನು ಬರೆದ ‘ಕ + 100 < ಕ’ ಎಂಬ ಪರೀಕ್ಷೆ ಒಮ್ಮೆಯೂ ನಿಜವಾಗುವುದಿಲ್ಲ. ಇಲ್ಲಿ ‘ಕ’ ಸಾಮಾನ್ಯ ಇಂಟ್, ಅಂದರೆ ಧನ ಋಣ ಎರಡೂ ಆಗಬಲ್ಲ ಪೂರ್ಣಾಂಕ. ಆಪ್ಟಿಮೈಸ್ ಮಾಡುವ ಕಂಪೈಲರನ್ನು ಎಷ್ಟು ನಂಬಬಹುದು? -ಓ0 ಬಿಟ್ಟು ಕದಲದಿರುವುದೇ ಲೇಸೇ?

ಉತ್ತರ 1

ಕಂಪೈಲರ್ ತಪ್ಪು ಮಾಡಿಲ್ಲ. ಚಿಹ್ನೆಯುಳ್ಳ ಪೂರ್ಣಾಂಕ ಮಿತಿ ಮೀರಿದರೆ ಏನಾಗಬೇಕೆಂದು ಸಿ ಮಾನಕವು ವಿಧಿಸಿಲ್ಲವಾದ್ದರಿಂದ, ಹಾಗಾಗುವುದೇ ಇಲ್ಲವೆಂದು ಕಂಪೈಲರ್ ಭಾವಿಸಿಕೊಳ್ಳುತ್ತದೆ. ಹಾಗೆ ಭಾವಿಸಿದ ಮೇಲೆ ‘ಕ + 100’ ಎಂದಿಗೂ ‘ಕ’ಗಿಂತ ಚಿಕ್ಕದಾಗಲಾರದು, ಪರೀಕ್ಷೆ ಅಲ್ಲಿಗೇ ಅಳಿಸಿಹೋಗುತ್ತದೆ. 2007ರಲ್ಲಿ ಜಿಸಿಸಿ ಎಂಬ ಇನ್ನೊಂದು ಕಂಪೈಲರಿನ ದೋಷಪಟ್ಟಿಯಲ್ಲಿ 30475ನೇ ಸಂಖ್ಯೆಯಡಿ ಹೆಚ್ಚುಕಡಿಮೆ ನಿಮ್ಮದೇ ದೂರು ದಾಖಲಾಗಿತ್ತು. ವಾದ ಸಾಕಷ್ಟು ಕಾವೇರಿತಾದರೂ ಅದು ದೋಷವಲ್ಲವೆಂದೇ ತೀರ್ಮಾನವಾಯಿತು.

ಇದು ಬರಿಯ ಹಟವೂ ಅಲ್ಲ. ಲೂಪಿನ ಇಂಟ್ ಸೂಚಿ ಮಿತಿ ಮೀರದೆಂದು ಗೊತ್ತಿದ್ದರೆ ಅದನ್ನು ಪ್ರೊಸೆಸರಿನ 64 ಬಿಟ್ ರಿಜಿಸ್ಟರಿನಲ್ಲೇ ಇಟ್ಟುಕೊಂಡು, ಪ್ರತಿ ಸುತ್ತಿನಲ್ಲೂ ಚಿಹ್ನೆಯನ್ನು ವಿಸ್ತರಿಸುವ (32 ಬಿಟ್ ಬೆಲೆಯನ್ನು 64 ಬಿಟ್‌ಗೆ ಹಿಗ್ಗಿಸುವ) ಕೆಲಸವನ್ನು ಕಂಪೈಲರ್ ಉಳಿಸಬಲ್ಲದು. ನಿಮಗೆ ದೊರೆತ ವೇಗದಲ್ಲಿ ಇಂಥ ಭಾವನೆಗಳ ಪಾಲೂ ಇರಬಹುದು.

ಇಂಥದೇ ಒಂದು ಎಡವಟ್ಟು 2009ರಲ್ಲಿ ಲಿನಕ್ಸ್ ಕರ್ನಲ್‌ನ ಟನ್ ಎಂಬ ಜಾಲ ಡ್ರೈವರಿನಲ್ಲಿ ಬಯಲಾಯಿತು. ಅಲ್ಲಿ ಪಾಯಿಂಟರನ್ನು (ಮೆಮೊರಿಯ ವಿಳಾಸ) ಮೊದಲು ಬಳಸಿ, ಅದು ನಲ್ (ಏನನ್ನೂ ಸೂಚಿಸದ್ದು) ಆಗಿದೆಯೇ ಎಂದು ಆಮೇಲೆ ಕೇಳಲಾಗಿತ್ತು. ಬಳಸಿದ ಮೇಲೆ ನಲ್ ಆಗಿರಲಾರದೆಂದು ಜಿಸಿಸಿ ಆ ಪರೀಕ್ಷೆಯನ್ನೇ ತೆಗೆದುಹಾಕಿತು, ಭದ್ರತೆಯಲ್ಲಿ ಬಿರುಕು ಬಿದ್ದಿತು.

ನೀವು ಕೂಡುವ ಮೊದಲೇ ‘ಕ > ಐಎನ್‌ಟಿ_ಮ್ಯಾಕ್ಸ್ - 100’ ಎಂದು ಪರೀಕ್ಷಿಸಿರಿ (ಐಎನ್‌ಟಿ_ಮ್ಯಾಕ್ಸ್ ಎಂದರೆ ಇಂಟ್ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ). ಇಲ್ಲವೇ ಮಿತಿ ಮೀರಿದ ಸಂಖ್ಯೆ ಇನ್ನೊಂದು ತುದಿಗೆ ಸುತ್ತಿ ಬರುವಂತೆ ಮಾಡುವ -ಎಫ್‌ವ್ರ್ಯಾಪ್‌ವಿ ಆಯ್ಕೆ ಕೊಡಿರಿ. -ಓ0 ಆಸರೆಯಲ್ಲ: ಜಿಸಿಸಿ 8ರಿಂದೀಚೆಗೆ ಈ ಭಾವನೆ ಎಲ್ಲ ಮಟ್ಟಗಳಿಗೂ ಅನ್ವಯಿಸುತ್ತದೆ.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ, ಆದರೆ ತಪ್ಪೆಲ್ಲ ಸದಾ ಪ್ರೋಗ್ರಾಮರನದೇ ಎಂಬ ಭಾವನೆ ಓದುಗರಲ್ಲಿ ಉಳಿಯಬಾರದು. ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಸಾಧನದಿಂದ ಯಾದೃಚ್ಛಿಕ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ, ಒಂದನ್ನೇ ಹಲವು ಕಂಪೈಲರುಗಳಿಗೆ ಕೊಟ್ಟು ಫಲಗಳನ್ನು ಹೋಲಿಸಿದಾಗ 325ಕ್ಕೂ ಹೆಚ್ಚು ದೋಷಗಳು ಸಿಕ್ಕವೆಂದು 2011ರಲ್ಲಿ ವರದಿ ಮಾಡಿದರು. ಕೆಲವು ದೋಷಗಳು ಕಂಪೈಲರನ್ನೇ ಬೀಳಿಸುವಂಥವು. ಭಯಪಡಬೇಕಾದದ್ದು ಸದ್ದಿಲ್ಲದೆ ತಪ್ಪು ಕೋಡ್ ಕೊಡುವಂಥವುಗಳಿಗೆ.

ಆ ಪರೀಕ್ಷೆಯಲ್ಲಿ ಬೇರೆಯಾಗಿ ನಿಂತದ್ದು ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಕ್ಸೇವಿಯೆ ಲೆರುವಾ ನೇತೃತ್ವದಲ್ಲಿ ರೂಪುಗೊಂಡ ಕಾಂಪ್‌ಸರ್ಟ್ ಎಂಬ ಸಿ ಕಂಪೈಲರ್. ಅದರ ಅನುವಾದದ ಹಂತಗಳು ಸರಿಯೆಂದು ಕಾಕ್ ಎಂಬ ಸಾಧನದಲ್ಲಿ ಗಣಿತದ ಪುರಾವೆ ಬರೆಯಲಾಗಿದೆ. ಪುರಾವೆಯಿಲ್ಲದ ಭಾಗಗಳಲ್ಲಿ ದೋಷ ಸಿಕ್ಕಿತೇ ಹೊರತು ಪುರಾವೆಯಿದ್ದ ಮಧ್ಯಭಾಗದಲ್ಲಿ ಸಿಗಲಿಲ್ಲ. ಬೆಲೆ ವೇಗದಲ್ಲಿ ತೆರಬೇಕು, ಅದರ ಕೋಡ್ ಜಿಸಿಸಿಯ -ಓ2ಗಿಂತ ನಿಧಾನ. ನಿಮಗೆ ಕುತೂಹಲವೆನಿಸಬಹುದಾದ ಮಾತು: ಕಾಂಪ್‌ಸರ್ಟ್‌ನಲ್ಲಿ ಇಂಟ್ ಮಿತಿ ಮೀರಿದರೆ ಸುತ್ತಿ ಬರುತ್ತದೆಂದೇ ನಿಗದಿಯಾಗಿದೆ.

ಕಂಪೈಲರನ್ನು ದೂರುವ ಮೊದಲು, ಮಾನಕ ವಿಧಿಸದ ಇಂಥ ನಡೆಗಳನ್ನು ಓಡುವಾಗ ಹಿಡಿದು ತೋರಿಸುವ -ಎಫ್‌ಸ್ಯಾನಿಟೈಜ್=ಅನ್‌ಡಿಫೈನ್ಡ್ ಕೊಟ್ಟು ಓಡಿಸಿ ನೋಡಿರಿ.

ಪ್ರಶ್ನೆ ಕೇಳಿದವರು

ಓಡಿಸಿದೆ. ಆ ಸಾಲನ್ನಂತೂ ಹಿಡಿಯಿತು. ನಾನು ಅನುಮಾನಿಸದಿದ್ದ, 32 ಬಿಟ್‌ಗಳಷ್ಟು ಎಡಕ್ಕೆ ಸರಿಸುವ ಇನ್ನೊಂದು ಸಾಲನ್ನೂ ತೋರಿಸಿತು. ಎರಡನ್ನೂ ತಿದ್ದಿದ ಮೇಲೆ -ಓ2ರಲ್ಲಿ ಫಲ ಸರಿಬರುತ್ತಿದೆ.