ಓದುಗರ ಸ್ಪಂದನ: ಯಾವ ಸಾಫ್ಟ್‌ವೇರ್‌ನಲ್ಲಿ ಹಾಡಲಿ?

ಕಳೆದ ವಾರದ ಪತ್ರ ದಾವಣಗೆರೆಯ ಶಾಲಾ ಶಿಕ್ಷಕಿಯೊಬ್ಬರದು. ಭಾವಗೀತೆಗಳಿಗೆ ರಾಗ ಹಾಕುತ್ತಾರೆ, ತಾವೇ ಹಾಡುತ್ತಾರೆ. ಮನೆಯಲ್ಲೇ ರೆಕಾರ್ಡ್ ಮಾಡುವ ಆಸೆ, ಅದಕ್ಕೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಬೇಕು. ಕೈಯಲ್ಲಿರುವುದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್ ಮತ್ತು 20 ಸಾವಿರ ರೂಪಾಯಿ. ಅಕ್ಕನ ಮಗ ಎಫ್‌ಎಲ್ ಸ್ಟುಡಿಯೋ ಅನ್ನುತ್ತಾನೆ, ತಬಲಾದವರು ಕ್ಯೂಬೇಸ್ ಅನ್ನುತ್ತಾರೆ, ಯಜಮಾನರು ಫೋನ್ ಸಾಲದಾ ಅನ್ನುತ್ತಾರೆ. "ತಿಂಗಳುಗಟ್ಟಲೆ ಯೂಟ್ಯೂಬ್‌ನಲ್ಲಿ ಹೋಲಿಕೆ ವಿಡಿಯೋ ನೋಡಿದ್ದೇ ಬಂತು, ಒಂದು ಹಾಡೂ ರೆಕಾರ್ಡ್ ಆಗಿಲ್ಲ" ಎಂದು ಮುಗಿಸಿದ್ದರು. ಉತ್ತರಗಳು ರಾಶಿ ಬಿದ್ದಿವೆ. ಆಯ್ದ ಕೆಲವು ಇಲ್ಲಿವೆ.

*

ಟೀಚರ್, ರೀಪರ್ ಹಾಕಿಕೊಳ್ಳಿ. ಡೌನ್‌ಲೋಡ್ ಸಣ್ಣದು, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. 60 ದಿನ ಬಳಸಿ ನೋಡಬಹುದು, ಯಾವುದಕ್ಕೂ ಬೀಗ ಹಾಕಿಲ್ಲ. ಆಮೇಲೆ ನಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. ವಿನ್‌ಆಂಪ್ ನೆನಪಿದೆಯಲ್ವಾ, ಕಂಪ್ಯೂಟರ್‌ನಲ್ಲಿ ಹಾಡು ಕೇಳುತ್ತಿದ್ದದ್ದು? ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದೇ ಇದೂ. ನೋಡೋಕೆ ಚಂದ ಇಲ್ಲ, ಒಪ್ಪುತ್ತೇನೆ. ಇದರ ಜೊತೆ ತಬಲಾ, ಪಿಟೀಲು ಅಂತ ವಾದ್ಯಗಳ ದನಿಯೂ ಬರುವುದಿಲ್ಲ, ಬೇಕಾದ್ದನ್ನು ನಾವೇ ಹುಡುಕಿ ಸೇರಿಸಿಕೊಳ್ಳಬೇಕು. ಆದರೆ ನಿಮ್ಮ ತಬಲಾ ನಿಜವಾದ ತಬಲಾ ತಾನೇ? ನಾನು ಇದರಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡುತ್ತೇನೆ. ಭಾಗವತರಿಗೊಂದು ಟ್ರ್ಯಾಕ್, ಮದ್ದಳೆಗೊಂದು, ಅರ್ಥಧಾರಿಗಳಿಗೆ ತಲಾ ಒಂದು. ಇಡೀ ಪ್ರಸಂಗ ಒಂದೇ ಪ್ರಾಜೆಕ್ಟ್. ನಡುವೆ ಕೈಕೊಟ್ಟಿದ್ದಿಲ್ಲ.
— ಯಕ್ಷಗಾನಪ್ರಿಯ, ಉಡುಪಿ

ನಿಮ್ಮ ಸಮಸ್ಯೆ ಸಾಫ್ಟ್‌ವೇರ್ ಅಲ್ಲ, ಯೂಟ್ಯೂಬ್. ಮೊದಲು ಅದನ್ನು ಮುಚ್ಚಿ.
— ನಿವೃತ್ತ ಸಂಗೀತ ಮೇಷ್ಟ್ರು, ಮೈಸೂರು

*

ಮೇಷ್ಟ್ರ ಮಾತು ಖಾರವಾಯಿತು. ಆದರೂ ಪತ್ರದ ಕೊನೆಯ ಸಾಲಿಗೆ ಉತ್ತರ ಕೊಟ್ಟವರು ಅವರೊಬ್ಬರೇ.

*

ಆಂಟಿ, ಎಲ್ಲರೂ ಎಫ್‌ಎಲ್‌ಗೆ ಬೈಯುತ್ತಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. 1997ರಲ್ಲಿ ಬೆಲ್ಜಿಯಂನಲ್ಲಿ ಫ್ರೂಟಿ ಲೂಪ್ಸ್ ಅಂತ ಹುಟ್ಟಿದ್ದು ಇದು. ಒಮ್ಮೆ ಕೊಂಡರೆ ಮುಂದಿನ ಅಪ್‌ಡೇಟ್‌ಗಳೆಲ್ಲ ಪುಕ್ಕಟೆ. ಹಲಗಿ ಬೀಟ್ ಕೂಡಿಸಬೇಕು ಅಂದ್ರೆ ಸಾಲಾಗಿ 16 ಚೌಕ ಇರುತ್ತವೆ, ಬೇಕಾದಲ್ಲಿ ಒತ್ತುತ್ತಾ ಹೋದರೆ ಆಯ್ತು, ಹತ್ತು ನಿಮಿಷದಲ್ಲಿ ತಲೆ ಆಡಿಸುವಂಥ ಲಯ ರೆಡಿ. ಒಂದೇ ತೊಡಕು. ಟ್ರಯಲ್‌ನಲ್ಲಿ ಸೇವ್ ಮಾಡಿದ್ದನ್ನು ದುಡ್ಡು ಕೊಡುವವರೆಗೆ ಮತ್ತೆ ತೆರೆಯಲು ಬಿಡುವುದಿಲ್ಲ. ನಿಮ್ಮ ಅಕ್ಕನ ಮಗ ಬೀಟ್ ಮಾಡೋನಾ? ಹಾಗಿದ್ರೆ ಅವನು ಹೇಳಿದ್ದು ಅವನಿಗೆ ಸರಿ. ನಿಮಗೆ ಗೊತ್ತಿಲ್ಲ.
— ಕಾಲೇಜು ಹುಡುಗ, ಹುಬ್ಬಳ್ಳಿ

ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು ಮ್ಯಾಕ್‌ಬುಕ್ ತಗೊಂಡುಬಿಡಿ. ಅದರಲ್ಲಿ ರೆಕಾರ್ಡ್ ಮಾಡುವ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ. ಕೈ ಕುದುರಿದ ಮೇಲೆ ಆಪಲ್‌ನದೇ ದೊಡ್ಡ ಸಾಫ್ಟ್‌ವೇರ್ ಲಾಜಿಕ್ ಪ್ರೋ. ನಾನು ವಾರಾಂತ್ಯದಲ್ಲಿ ದಾಸರ ಪದಗಳನ್ನು ಅದರಲ್ಲೇ ಹಾಡಿ ಊರಿಗೆ ಕಳಿಸುತ್ತೇನೆ, ಅಮ್ಮನಿಗೆ ಖುಷಿ.
— ಕನ್ನಡಿಗ, ಡಲ್ಲಾಸ್

*

20 ಸಾವಿರದ ಮಾತು ಡಲ್ಲಾಸ್ ಓದುಗರ ಕಣ್ತಪ್ಪಿರಬೇಕು. ಅಮ್ಮನವರಿಗೆ ನಮಸ್ಕಾರ ತಿಳಿಸಿ. ಮುಂದಿನ ಪತ್ರ ಉದ್ದವಿದೆ, ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ಅಕ್ಕಾ, ಯಾವುದರಲ್ಲಿ ಅಂತ ಕೇಳಿದ್ದೀರಿ. ಯಾರ ಜೊತೆ ಅನ್ನುವುದನ್ನು ಮೊದಲು ಯೋಚಿಸಿ. ನನಗೂ ನನ್ನ ಗೆಳೆಯನಿಗೂ ಮಾತು ನಿಂತು ವರ್ಷಗಳಾದವು. ಕಾರಣ ಹೇಳಿದರೆ ಜನ ನಗುತ್ತಾರೆ.

ನಾನು ಸಾಹಿತ್ಯ ಬರೆದು ಹಾಡುವವನು, ಅವನು ಕೀಬೋರ್ಡ್. ಅವನ ಮನೆಯ ಮಹಡಿ ಮೇಲೆ ಒಂದೇ ಹಳೇ ಕಂಪ್ಯೂಟರ್, ಅದರಲ್ಲಿ ಕೇಕ್‌ವಾಕ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕಂಪನಿಯವರು ಅದನ್ನು ಪುಕ್ಕಟೆ ಕೊಟ್ಟಾಗ ನಮ್ಮ ಆಟ ಶುರುವಾಯಿತು. ಭಾನುವಾರ ಬೆಳಿಗ್ಗೆ ಕೂತರೆ ಅವರಮ್ಮ ಕೆಳಗಿನಿಂದ "ಮುದ್ದೆ ಆರ‍್ತಾ ಇದೆ ಕಣ್ರೋ" ಅಂತ ಕೂಗುವವರೆಗೆ ಏಳುತ್ತಿರಲಿಲ್ಲ. ಆಮೇಲೆ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಮ್ಯಾಕ್ ಕೊಂಡ, ಲಾಜಿಕ್‌ಗೆ ಹೋದ. ಲಾಜಿಕ್ ವಿಂಡೋಸ್‌ಗೆ ಬರುವುದಿಲ್ಲ, ನಮ್ಮ ಕೇಕ್‌ವಾಕ್ ಮ್ಯಾಕ್‌ಗೆ ಹೋಗುವುದಿಲ್ಲ. ಅವನು ಕಳಿಸಿದ್ದು ನನ್ನಲ್ಲಿ ತೆರೆಯದು, ನಾನು ಕಳಿಸಿದ್ದು ಅವನಲ್ಲಿ ತೆರೆಯದು.

ಒಂದೊಂದು ಟ್ರ್ಯಾಕನ್ನೂ ವೇವ್ ಫೈಲ್ (ಬರೀ ದನಿಯ ಫೈಲ್) ಮಾಡಿ ಕಳಿಸಿದರೆ ಕೆಲಸ ನಡೆಯುತ್ತದೆ. ನಡೆಸಿದೆವು ಕೂಡ. ಆದರೆ ಸಂಜೆ ಅವನಿಗೆ ಒಂದು ಸ್ವರ ಬದಲಿಸೋಣ ಅನ್ನಿಸಿತು ಅನ್ನಿ, ಎಲ್ಲ ಮತ್ತೆ ಹೊಸದಾಗಿ ತೆಗೀಬೇಕು, ಅವನು ಏರಿಸಬೇಕು, ನಾನು ಇಳಿಸಿಕೊಳ್ಳಬೇಕು. ನಮ್ಮೂರ ನೆಟ್ ಬೇರೆ. ಮೊದಮೊದಲು "ನಾಳೆ ಕಳಿಸ್ತೀನಿ" ಅನ್ನುತ್ತಿದ್ದ. ಒಂದು ದಿನ "ನೀನೂ ಒಂದು ಮ್ಯಾಕ್ ತಗೊಳ್ಳೋ ಮಾರಾಯ, ಇನ್ನೆಷ್ಟು ದಿನ ಆ ಡಬ್ಬ ಇಟ್ಕೊಂಡಿರ‍್ತೀಯ" ಅಂದ. ಆವತ್ತು ನನ್ನ ಅಂಗಡಿ ಬಾಡಿಗೆ ಬಾಕಿ ಬಿದ್ದಿತ್ತು. ಅದು ಅವನಿಗೆ ಗೊತ್ತಿತ್ತು. ಜಗಳ ಆಡಲಿಲ್ಲ. ಫೋನ್ ಇಟ್ಟೆ, ಅಷ್ಟೇ.

ಅರ್ಧಕ್ಕೆ ನಿಂತ ಹಾಡುಗಳು ಅವನ ಮ್ಯಾಕ್‌ನಲ್ಲಿವೆ. ಟ್ಯೂನ್ ಅವನದು, ಮಾತು ನನ್ನದು. ಹೋದ ವರ್ಷ ಅವುಗಳಲ್ಲೊಂದು ಅವನ ಚಾನೆಲ್‌ನಲ್ಲಿ ಬಂತು, ಬೇರೆಯವರ ಸಾಹಿತ್ಯದ ಜೊತೆ. ಚೆನ್ನಾಗಿಯೇ ಇದೆ. ಹೊಟ್ಟೆ ಉರಿಯಿತು, ಮುಚ್ಚಿಡೋದೇನು.

ಅದಕ್ಕೇ ಹೇಳಿದೆ. ನಿಮ್ಮ ತಬಲಾದವರು ಮನೆಗೇ ಬಂದು ನುಡಿಸುತ್ತಾರಾ, ತಮ್ಮಲ್ಲೇ ನುಡಿಸಿ ಕಳಿಸುತ್ತಾರಾ, ಈಗಲೇ ಕೇಳಿ. ಕಳಿಸುವುದಾದರೆ ಪ್ರತಿ ಟ್ರ್ಯಾಕೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ನಡುವಿನ ತುಂಡು ಬೇಡ. ಲಯದ ವೇಗವನ್ನು ಫೈಲಿನ ಹೆಸರಲ್ಲೇ ಬರೆಯಿರಿ. ಪ್ರಾಜೆಕ್ಟನ್ನೇ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯಲು ಡಿಎಡಬ್ಲ್ಯೂಪ್ರಾಜೆಕ್ಟ್ ಅಂತ ಒಂದು ಫೈಲ್ ಬಗೆ 2023ರಲ್ಲಿ ಬಂದಿದೆ. ಬಿಟ್‌ವಿಗ್, ಸ್ಟುಡಿಯೋ ಒನ್, ಹೊಸ ಕ್ಯೂಬೇಸ್ ಅದನ್ನು ಓದುತ್ತವೆ. ನಮ್ಮ ಕಾಲಕ್ಕೆ ಇರಲಿಲ್ಲ.
— ಹೆಸರು ಬೇಡ, ಹಾಸನ

*

ಆ ಗೆಳೆಯರು ಈ ಅಂಕಣ ಓದುತ್ತಾರೋ ಏನೋ. ಹಾಸನದ ವಿಳಾಸ ನಮ್ಮಲ್ಲಿದೆ.

*

ತಂಗೀ, ಸಾಫ್ಟ್‌ವೇರ್ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ. ಕಂಡೆನ್ಸರ್ ಮೈಕ್ ಮಾತ್ರ ತಗೋಬೇಡ. ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಅದು ಬಿಡುವುದಿಲ್ಲ. ಡೈನಮಿಕ್ ಮೈಕ್ ತಗೊಂಡು ಬಾಯಿಂದ ನಾಲ್ಕು ಬೆರಳು ದೂರ ಇಟ್ಟು ಹಾಡು. ನಾನು ಸೀರೆ ಬೀರುವಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಹಾಡುತ್ತೇನೆ, ಬೆನ್ನ ಹಿಂದೆ ಕಂಬಳಿ ಇಳಿಬಿಟ್ಟಿರುತ್ತೇನೆ. ಫ್ಯಾನ್ ಬಂದ್. ಬೇಸಿಗೆಯಲ್ಲಿ ಚರಣಕ್ಕೊಮ್ಮೆ ಬೆವರು ಒರೆಸಿಕೊಳ್ಳಬೇಕು. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದಾಗ ಗುಂಯ್ ಅನ್ನುತ್ತಾ? ಕಿತ್ತುಹಾಕಿ ಬ್ಯಾಟರಿಯಲ್ಲೇ ಮುಗಿಸು. ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲೆಲ್ಲ ಇದೇ ಕತೆ. ಮಳೆಗಾಲದಲ್ಲಂತೂ ಹಾಡೋ ಆಸೆಯನ್ನೇ ಬಿಡು.
— ಗೃಹಿಣಿ, ಶಿರಸಿ

ಮೇಡಂ, ಇಪ್ಪತ್ತು ಸಾವಿರದಲ್ಲಿ ಜಾಸ್ತಿ ಪಾಲು ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್‌ಗೆ ಹೋಗಲಿ. ಮೈಕನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸುತ್ತದೆ. ದನಿಯನ್ನು ಸೆಕೆಂಡಿಗೆ 48 ಸಾವಿರ ಮಾದರಿಗಳಾಗಿ (48 ಕಿಲೋಹರ್ಟ್ಸ್) ಹಿಡಿಯುವಾಗ ಬಫರ್, ಅಂದರೆ ಒಮ್ಮೆಗೆ ಕೂಡಿಟ್ಟು ಸಾಗಿಸುವ ಮಾದರಿಗಳ ಸಂಖ್ಯೆ, 1024 ಇಟ್ಟರೆ ಒಳಗೆ ಹೋಗಲು ಸುಮಾರು 21 ಮಿಲಿಸೆಕೆಂಡ್, ಹೊರಗೆ ಬರಲು ಮತ್ತೆ ಅಷ್ಟೇ. ಹಾಡುವವರು ಗೊತ್ತಿಲ್ಲದೇ ತಾಳ ಎಳೆಯುತ್ತಾರೆ, ಕೊನೆಗೆ ಸಾಫ್ಟ್‌ವೇರ್ ಸರಿ ಇಲ್ಲ ಅನ್ನುತ್ತಾರೆ. ಇಂಟರ್‌ಫೇಸಿನದೇ ಎಎಸ್‌ಐಒ ಡ್ರೈವರ್ (ಈ ತಡ ಕಡಿಮೆ ಮಾಡುವ ತಂತ್ರಾಂಶ) ಹಾಕಿ, ಹಾಡುವಾಗ ಬಫರ್ 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ ಏರಿಸಿ. ಎಷ್ಟೋ ಇಂಟರ್‌ಫೇಸ್‌ಗಳ ಜೊತೆ ಏಬಲ್ಟನ್ ಲೈವ್ ಲೈಟ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಬರುತ್ತದೆ, ಶುರುವಿಗೆ ಅದೂ ಸಾಕು. ತಬಲಾದವರ ಕ್ಯೂಬೇಸ್ ಒಳ್ಳೆಯದೇ. ಇವತ್ತು ಹೆಚ್ಚಿನವರು ಬಳಸುವ ವಿಎಸ್‌ಟಿ ಪ್ಲಗಿನ್ ಪದ್ಧತಿಯನ್ನು (ಸಾಫ್ಟ್‌ವೇರ್‌ಗೆ ಹೊರಗಿನ ವಾದ್ಯ, ಎಫೆಕ್ಟ್ ಸೇರಿಸುವ ದಾರಿ) 1996ರಲ್ಲಿ ತಂದದ್ದು ಅದರ ಕಂಪನಿ ಸ್ಟೈನ್‌ಬರ್ಗ್. ಆದರೆ ನಿಮಗೆ ಬೇಕಾದ ನಾಲ್ಕು ಟ್ರ್ಯಾಕ್‌ಗೆ ಯಾವುದಾದರೂ ನಡೆಯುತ್ತದೆ.
— ಸೌಂಡ್ ಎಂಜಿನಿಯರ್, ಬೆಂಗಳೂರು

ಯಾವುದನ್ನೇ ಹಾಕಿಕೊಳ್ಳಿ, ಸ್ವರ ತಿದ್ದುವ ಗುಂಡಿಯಿಂದ ದೂರ ಇರಿ. ರೀಪರ್‌ನಲ್ಲಿ ರಿಯಾಟ್ಯೂನ್, ಕ್ಯೂಬೇಸ್‌ನಲ್ಲಿ ವೇರಿಆಡಿಯೋ, ಲಾಜಿಕ್‌ನಲ್ಲಿ ಫ್ಲೆಕ್ಸ್ ಪಿಚ್, ಎಲ್ಲ ಅಣ್ಣತಮ್ಮಂದಿರೇ. ತಾನೇ ತಿದ್ದಿಕೊಳ್ಳಲಿ ಅಂತ ಬಿಟ್ಟರೆ ದನಿಯನ್ನು ಹತ್ತಿರದ ಹಾರ್ಮೋನಿಯಂ ಕೀಲಿಯ ಸ್ವರಕ್ಕೆ ಎಳೆದು ಕೂರಿಸುತ್ತದೆ. ಓಲಾಡುತ್ತಲೇ ಇರುವ ತೋಡಿ ರಾಗದ ಗಾಂಧಾರವನ್ನು ಎಲ್ಲಿ ಕೂರಿಸುತ್ತದೆ ಹೇಳಿ? ನನ್ನ ಶಿಷ್ಯೆಯೊಬ್ಬಳು ತಂದು ಕೇಳಿಸಿದ್ದಳು. ಗಮಕ (ಸ್ವರದ ಓಲಾಟ) ಇದ್ದ ಕಡೆ ಮೆಟ್ಟಿಲು ಹತ್ತಿ ಇಳಿದಂತಿತ್ತು.
— ಗಾಯಕಿ, ಶಿವಮೊಗ್ಗ

ಫೋನ್ ಸಾಕು. ಯಜಮಾನರು ಹೇಳಿದ್ದೇ ಸರಿ.
— ಇನ್ನೊಬ್ಬ ಯಜಮಾನ, ತುಮಕೂರು

*

"ಕ್ರ್ಯಾಕ್ ಮಾಡಿದ್ದು ನನ್ನ ಹತ್ತಿರ ಇದೆ, ಪೆನ್‌ಡ್ರೈವ್ ತನ್ನಿ" ಎಂದು ಬರೆದ ಮಹನೀಯರ ಪತ್ರಗಳನ್ನು ಪ್ರಕಟಿಸಿಲ್ಲ. 60 ದಿನ ಕಾಸಿಲ್ಲದೆ ನೋಡುವ ದಾರಿಯನ್ನು ಉಡುಪಿಯವರು ತೋರಿಸಿದ್ದಾರಲ್ಲ.

ಮುಂದಿನ ವಾರದ ಸಮಸ್ಯೆ: ಕಾಸರಗೋಡಿನ ಓದುಗರೊಬ್ಬರ ತಂದೆ ಹಾಡಿದ ಕ್ಯಾಸೆಟ್‌ಗಳು ಅಣ್ಣನ ಅಟ್ಟದಲ್ಲಿವೆ. ಡಿಜಿಟಲ್ ಮಾಡಿಸುತ್ತೇನೆ ಎಂದರೆ ಅಣ್ಣ ಕೊಡುತ್ತಿಲ್ಲ. ಏನು ಮಾಡಬೇಕು? ಗುರುವಾರದೊಳಗೆ ಬರೆಯಿರಿ. 150 ಪದ ದಾಟದಿರಲಿ. ಹಾಸನಕ್ಕೆ ಕೊಟ್ಟ ರಿಯಾಯಿತಿ ಈ ವಾರಕ್ಕೆ ಮಾತ್ರ.